ಅಜ್ಜಿಯ ಸೀಟು ಹೊನ್ನಾಳಿಗೆ ಹೋಯಿತು

"ಬಂತು! ಬಂತು! ಹೊನ್ನಾಳಿ ಬಸ್!"

ಯಾರೋ ಕೂಗಿದರು. ಅಷ್ಟೇ ಸಾಕಿತ್ತು. ಗೊಬ್ಬರದ ಅಂಗಡಿಯ ಮುಂದೆ ನಿಂತಿದ್ದ ಜನರೆಲ್ಲ ಒಂದೇ ಸಲ ರಸ್ತೆಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಕಲ್ಪನಾ! ಎಡಗೈಯಲ್ಲಿ ರೇಷ್ಮೆ ಲಂಗವನ್ನು ಎತ್ತಿ ಹಿಡಿದಿದ್ದಳು. ಬಲಗೈಯಲ್ಲಿ ಮಡಚಿದ ಟವೆಲ್ ಇತ್ತು.

ಅಲ್ಲೊಂದು ದೊಡ್ಡ ಹಂಪ್ ಇದೆ. ಎಂಥ ಬಸ್ಸಾದರೂ ಅಲ್ಲಿ ಮೆಲ್ಲಗಾಗಲೇಬೇಕು. ಬಸ್ಸು ಬುಸುಗುಡುತ್ತಾ ಹಂಪ್ ಹತ್ತಿತು. ಕಲ್ಪನಾ ಅದರ ಪಕ್ಕದಲ್ಲೇ ಓಡುತ್ತಾ ಕಿಟಕಿಗಳನ್ನು ನೋಡಿದಳು. ಮೊದಲನೆಯದರಲ್ಲಿ ಒಬ್ಬ ಮಾವ ನಿದ್ದೆ ಮಾಡುತ್ತಿದ್ದ. ಎರಡನೆಯದರಲ್ಲಿ ಒಂದು ಮಗು ವಾಂತಿ ಮಾಡುತ್ತಿತ್ತು. ಮೂರನೆಯದು ಖಾಲಿ!

ಕಲ್ಪನಾ ಎಗರಿದಳು. ಟವೆಲ್ ಕಿಟಕಿಯೊಳಗೆ ತೂರಿ ಸೀಟಿನ ಮೇಲೆ ಬಿತ್ತು.

"ಸೀಟ್ ನಂದು!"

"ಥೂ! ಇವತ್ತೂ ನೀನೇ ಏನೇ?" ಎಂದ ವಿನೋದ್. ಅವನು ಅವಳ ಓಣಿಯವನೇ, ಆರನೇ ಕ್ಲಾಸು. ಅವನು ಎಸೆದ ಕರ್ಚೀಫು ಬಸ್ಸಿನ ತಗಡಿಗೆ ಬಡಿದು ರಸ್ತೆಗೆ ಬಿದ್ದಿತ್ತು.

ಹಿಂದೆ ಒಂದು ಬೈಕು ಕಿರ್ರೆಂದು ಬ್ರೇಕ್ ಹಾಕಿತು. "ಏಯ್, ಕಣ್ಣು ಕಾಣಲ್ವಾ ನಿಮಗೆ?" ಎಂದು ಬೈಕಿನವನು ಕಿರುಚಿದ. ಅವನ ಮಾತು ಯಾರಿಗೆ ಬೇಕಾಗಿತ್ತು! ನೂಕುನುಗ್ಗಲಿನಲ್ಲಿ ಕಲ್ಪನಾಳ ಒಂದು ಚಪ್ಪಲಿ ಕಾಲಿನಿಂದ ಜಾರಿ ಹೋಯಿತು. ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ. ಅವಳು ಎರಡು ದೊಡ್ಡ ಚೀಲಗಳ ನಡುವೆ ನುಸುಳಿ ಬಸ್ಸು ಹತ್ತಿ, ಸೀಟಿನ ಮೇಲೆ ದೊಪ್ಪೆಂದು ಕುಳಿತಳು.

ಅಬ್ಬಾ! ಕಿಟಕಿ ಪಕ್ಕದ ಸೀಟು. ಅಜ್ಜಿಗೆ ಗಾಳಿ ಬೇಕು. ಇಲ್ಲದಿದ್ದರೆ ಅವಳಿಗೆ ತಲೆ ಸುತ್ತುತ್ತದೆ.

ನ್ಯಾಮತಿಯಲ್ಲಿ ಟವೆಲ್ ಬಿದ್ದ ಸೀಟು ಅಂದರೆ ಮುಗಿಯಿತು, ಅದು ಟವೆಲ್ ಎಸೆದವರದೇ. ಅದನ್ನೆತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯ ಯಾರಿಗೂ ಇಲ್ಲ. ಕೂತರೋ, ಹೊನ್ನಾಳಿ ಮುಟ್ಟುವ ತನಕ ಜಗಳ! ಈ ವಿದ್ಯೆಯಲ್ಲಿ ಕಲ್ಪನಾಳನ್ನು ಮೀರಿಸುವವರು ಊರಿನಲ್ಲೇ ಇರಲಿಲ್ಲ. ಐದನೇ ಕ್ಲಾಸಿನ ಹುಡುಗಿಯನ್ನು ಓಣಿಯ ದೊಡ್ಡವರೆಲ್ಲ, "ಕಲ್ಪನಾ, ನಂಗೂ ಒಂದು ಸೀಟ್ ಹಿಡಿಯೇ ತಾಯಿ" ಎಂದು ಗೋಗರೆಯುತ್ತಿದ್ದರು. ಅವಳಿಗೆ ಆಗ ಎರಡು ಕೋಡು ಮೂಡುತ್ತಿದ್ದವು.

ನಿಜ ಹೇಳಬೇಕೆಂದರೆ, ಬಸ್ಸು ನಿಲ್ಲಬೇಕಾದ ಜಾಗ ಈ ಹಂಪ್ ಅಲ್ಲವೇ ಅಲ್ಲ. ಸರ್ಕಲ್ ದಾಟಿದರೆ ಒಂದು ಶೆಲ್ಟರ್ ಇದೆ. ಅದಕ್ಕೆ ನೆರಳಿದೆ, ಕೂರಲು ಕಲ್ಲಿನ ಬೆಂಚಿದೆ. ಮೊದಲೆಲ್ಲ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಆದರೆ ಸೀಟು ಬೇಕಾದವರೊಬ್ಬರು, ಬಸ್ಸು ಬರುವ ದಿಕ್ಕಿಗೆ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತರು. ಅವರಿಗಿಂತ ಮೊದಲು ನನಗೆ ಸಿಗಲಿ ಎಂದು ಇನ್ನೊಬ್ಬರು ಇನ್ನೂ ಮುಂದೆ ಹೋದರು. ಹೀಗೆ ಬಸ್ ಸ್ಟಾಪು ತೆವಳುತ್ತಾ ತೆವಳುತ್ತಾ ಸರ್ಕಲ್ಲಿಗೆ ಬಂತು. ಅಲ್ಲಿಂದ ಬೇಕರಿ ಮುಂದಕ್ಕೆ ಬಂತು.

ಬೇಕರಿಯಿಂದ ಹಂಪಿನ ತನಕ ಅದನ್ನು ಎಳೆದು ತಂದವಳು ಮಾತ್ರ ನಮ್ಮ ಕಲ್ಪನಾ. ದಸರಾ ರಜೆಯಲ್ಲಿ ಅವಳು ಒಬ್ಬಳೇ ಅಲ್ಲಿ ನಿಂತು ಸೀಟು ಹಿಡಿದಳು. ವಾರ ಕಳೆಯುವುದರೊಳಗೆ ಊರೇ ಅವಳ ಹಿಂದೆ ಬಂದು ನಿಂತಿತು. ರಸ್ತೆಯ ಮೇಲೆಲ್ಲ ಜನ. ಬಸ್ಸಿನವರು ಪಾಪ, ಅಲ್ಲೇ ನಿಲ್ಲಿಸದೆ ಇನ್ನೇನು ಮಾಡಿಯಾರು?

ಅಜ್ಜಿ ಕೊಟ್ರಮ್ಮನಿಗೆ ಮಂಡಿ ನೋವು. ಹಂಪಿನ ತನಕ ನಡೆಯಲು ಆಗುವುದಿಲ್ಲ. ಅದಕ್ಕೇ ಅಜ್ಜಿ ಮೊಮ್ಮಗಳು ಒಂದು ಪ್ಲಾನ್ ಮಾಡಿಕೊಂಡಿದ್ದರು. ಕಲ್ಪನಾ ಹಂಪಿನಲ್ಲಿ ಹತ್ತಿ ಸೀಟು ಹಿಡಿಯಬೇಕು. ಅಜ್ಜಿ ಮನೆ ಹತ್ತಿರದ ಶೆಲ್ಟರಿನಲ್ಲಿ ನಿಂತಿರಬೇಕು. ಕಲ್ಪನಾ ಕಂಡಕ್ಟರಿಗೆ ಹೇಳಿ ಬಸ್ಸನ್ನು ಅಲ್ಲಿ ನಿಲ್ಲಿಸಬೇಕು. ಈ ಪ್ಲಾನ್ ಇದುವರೆಗೆ ಒಮ್ಮೆಯೂ ಕೈ ಕೊಟ್ಟಿರಲಿಲ್ಲ.

ಇವತ್ತಂತೂ ಕೈ ಕೊಡಲೇಬಾರದು. ಇವತ್ತು ಹೊನ್ನಾಳಿಯಲ್ಲಿ ಶಾಂತಲಾ ಅತ್ತೆಯ ಕುಬಸ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ. ಅಪ್ಪ ಅಮ್ಮ ಅಡುಗೆ ಕೆಲಸಕ್ಕೆಂದು ನಿನ್ನೆಯೇ ಹೋಗಿದ್ದರು. ಅಜ್ಜಿ ಮಾತ್ರ ಟೈಲರ್ ದೆಸೆಯಿಂದ ಉಳಿದಿದ್ದಳು. ಆ ಪುಣ್ಯಾತ್ಮ, "ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ" ಅನ್ನುತ್ತಾ ಇವತ್ತು ಬೆಳಿಗ್ಗೆ ಅತ್ತೆಯ ರವಿಕೆ ಹೊಲಿದು ಕೊಟ್ಟಿದ್ದ. ಹಸಿರು ಸೀರೆ, ರವಿಕೆ, ಬಳೆ ಎಲ್ಲವೂ ಅಜ್ಜಿಯ ಕೈಚೀಲದಲ್ಲೇ ಇದ್ದವು. ಹನ್ನೆರಡರೊಳಗೆ ಉಡಿ ತುಂಬಬೇಕು. ಅಜ್ಜಿ ಹೋಗದೆ ಅಲ್ಲಿ ಏನೂ ಶುರುವಾಗುವಂತಿಲ್ಲ.

ಬಸ್ಸು ಹೊರಟಿತು. ಅಯ್ಯೋ, ಅದೆಂಥ ರಶ್ಶು! ಮದುವೆಗೆ ಹೊರಟವರು, ಸಂತೆಗೆ ಹೊರಟವರು, ಸುಮ್ಮನೆ ಹೊರಟವರು, ಎಲ್ಲರೂ ಅದರಲ್ಲೇ ಇದ್ದರು. ಕಲ್ಪನಾಳ ಮುಖದ ಮುಂದೆ ಯಾರದೋ ಬಾಳೆಗೊನೆ ನೇತಾಡುತ್ತಿತ್ತು.

"ಅಣ್ಣಾ, ಶೆಲ್ಟರ್ ಹತ್ರ ನಿಲ್ಸ್ರೀ! ನಮ್ಮಜ್ಜಿ ಹತ್ತಬೇಕು!" ಎಂದು ಕೂಗಿದಳು.

ಕಂಡಕ್ಟರ್ ಹಿಂದಿನ ಬಾಗಿಲಿನಲ್ಲಿ ನೇತಾಡುತ್ತಿದ್ದ. ಅವನಿಗೆ ಎಲ್ಲಿ ಕೇಳಬೇಕು! "ರೈಟ್, ರೈಟ್! ಒಳಗೆ ಸರೀರಿ, ಒಳಗೆ!" ಎಂದು ಅವನೇ ಕೂಗುತ್ತಿದ್ದ.

ಸರ್ಕಲ್ ದಾಟಿತು. ಶೆಲ್ಟರ್ ಕಾಣಿಸಿತು.

"ಅಣ್ಣಾ! ಸ್ಟಾಪ್! ಸ್ಟಾಪ್!"

ಬಸ್ಸು ನಿಲ್ಲಲಿಲ್ಲ. ತುಂಬಿದ ಬಸ್ಸು ಯಾಕೆ ನಿಲ್ಲುತ್ತದೆ? ಡ್ರೈವರ್ ಹಾರ್ನ್ ಒತ್ತಿ ಇನ್ನೂ ಜೋರಾಗಿಯೇ ಹೊಡೆದ.

ಕಲ್ಪನಾ ಕಿಟಕಿಗೆ ಮುಖ ಒತ್ತಿ ನೋಡಿದಳು. ಅಜ್ಜಿ ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈ ಎತ್ತಿ ನಿಂತಿದ್ದಳು. ಮೊಮ್ಮಗಳನ್ನು ಕಂಡು ಅವಳ ಮುಖ ಅರಳಿತು. ಬಸ್ಸು ಮುಂದೆ ಹೋದಾಗ, ಅಲ್ಲೆಲ್ಲೋ ನಿಲ್ಲಿಸುತ್ತಾರೆ ಅಂದುಕೊಂಡಳೋ ಏನೋ, ಕುಂಟುತ್ತಾ ಕುಂಟುತ್ತಾ ಹಿಂದೆಯೇ ಬಂದಳು. ಸ್ವಲ್ಪ ದೂರ ಬಂದು ನಿಂತುಬಿಟ್ಟಳು.

ಅಜ್ಜಿ ಒಬ್ಬಳೇ ಅಲ್ಲ. ಅವಳ ಹಿಂದೆ ಊರುಗೋಲು ಎತ್ತಿ ಹಿಡಿದ ಸಣ್ಣತಿಮ್ಮಪ್ಪ ತಾತ ಇದ್ದ. ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಅಕ್ಕ ಇದ್ದಳು. ಎಲ್ಲರೂ ಕೈ ಎತ್ತಿದ್ದರು. ಬಸ್ಸು ಹೋದ ಮೇಲೆ ಒಬ್ಬೊಬ್ಬರಾಗಿ ಕೈ ಇಳಿಸಿದರು.

ಇವರೆಲ್ಲ ದಿನಾ ಅಲ್ಲಿ ನಿಲ್ಲುತ್ತಿದ್ದರಾ? ಕಲ್ಪನಾ ಒಮ್ಮೆಯೂ ನೋಡಿರಲಿಲ್ಲ. ಅವಳ ಕಣ್ಣು ಯಾವಾಗಲೂ ಬಸ್ಸಿನ ಕಿಟಕಿಗಳ ಮೇಲೇ ಇರುತ್ತಿತ್ತು.

"ನಿಲ್ಸ್ರೀ! ನಾನು ಇಳೀಬೇಕು!" ಎಂದು ಅವಳು ಅಳುತ್ತಾ ಎದ್ದಳು. ಜನರೂ ಕೂಗಿದರು. ಪೆಟ್ರೋಲ್ ಬಂಕಿನ ಹತ್ತಿರ ಬಸ್ಸು ನಿಂತಿತು.

"ಮೊದ್ಲೇ ಹೇಳಬಾರ್ದೇನವ್ವಾ?" ಎಂದ ಕಂಡಕ್ಟರ್.

"ಹೇಳ್ದೆ ಅಣ್ಣಾ, ನಿಮಗೆ ಕೇಳ್ಸಲಿಲ್ಲ."

ಬಸ್ಸು ಹೊಗೆ ಬಿಟ್ಟು ಹೋಯಿತು. ಆಮೇಲೆ ಕಲ್ಪನಾಳಿಗೆ ನೆನಪಾಯಿತು. ಟವೆಲ್ ಸೀಟಿನ ಮೇಲೇ ಉಳಿದಿತ್ತು! ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ. ಬಿಸಿಲಿಗೆ ಟಾರು ಚುರುಗುಟ್ಟುತ್ತಿತ್ತು. ಕುಂಟುಬಿಲ್ಲೆ ಆಡುವವಳ ಹಾಗೆ ಕುಪ್ಪಳಿಸುತ್ತಾ ಅವಳು ಶೆಲ್ಟರಿಗೆ ವಾಪಸ್ ಬಂದಳು.

ಅಜ್ಜಿ ಬೈಯುತ್ತಾಳೆ ಅಂದುಕೊಂಡಿದ್ದಳು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲವ್ವಾ, ಸೀಟು ಹಿಡಿಯಾಕೆ ಕಳ್ಸಿದ್ರೆ ಸೀಟಿನ ಜೊತೆಗೇ ಹೋಗಿಬಿಟ್ಯಲ್ಲೇ!"

ಸಣ್ಣತಿಮ್ಮಪ್ಪ ತಾತ ಬೊಚ್ಚು ಬಾಯಿ ತೆರೆದು ನಕ್ಕ. "ಕೊಟ್ರಮ್ಮ, ನಿನ್ನ ಸೀಟು ಹೊನ್ನಾಳಿ ಮುಟ್ಟುತ್ತೆ ಬಿಡು. ನೀನು ಮುಟ್ಟೋದು ಯಾವಾಗ್ಲೋ!"

ಎಲ್ಲರೂ ನಕ್ಕರು. ಕಲ್ಪನಾಳಿಗೆ ನಗು ಬರಲಿಲ್ಲ. ಕೂಸು ಎತ್ತಿಕೊಂಡಿದ್ದ ಅಕ್ಕನ ಹೆಸರು ದುರ್ಗಾಂಬಿಕಾ. ಅವಳೂ ನಗುತ್ತಿದ್ದಳು, ಆದರೆ ಕೂಸು ಸೆಕೆಗೆ ಕಿರಿಕಿರಿ ಮಾಡುತ್ತಿತ್ತು.

ಅಷ್ಟರಲ್ಲಿ ಅಜ್ಜಿಯ ಫೋನು ರಿಂಗಾಯಿತು. ಅತ್ತೆ!

"ಅವ್ವಾ, ಎಲ್ಲಿದ್ದೀ?"

"ಬಸ್ಸಿನಾಗೇ ಇದೀನಿ ಕಣವ್ವಾ. ಬಂದೆ, ಇಲ್ಲೇ ಬಂದೆ!" ಎಂದಳು ಅಜ್ಜಿ, ಕಲ್ಲು ಬೆಂಚಿನ ಮೇಲೆ ಕುಳಿತು.

"ಅಜ್ಜೀ! ಸುಳ್ಳು ಹೇಳ್ತೀಯಾ?"

"ಮತ್ತೇನು ಹೇಳ್ಲಿ? ಬಸುರಿ ಹೆಂಗಸು ಗಾಬರಿ ಆಗಬಾರ್ದು." ಅಜ್ಜಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆದರೆ ಅವಳ ಕೈ ಚೀಲದೊಳಗೆ ಹೋಗಿ ಹಸಿರು ಸೀರೆಯನ್ನು ಮತ್ತೆ ಮತ್ತೆ ಸವರುತ್ತಿತ್ತು. ಮುಂದಿನ ಬಸ್ಸೂ ತಪ್ಪಿದರೆ ಹೊತ್ತು ಮೀರಿ ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

"ತಾತಾ, ಬಸ್ ನಿಮಗೂ ನಿಲ್ಸಲ್ವಾ?" ಎಂದು ಕಲ್ಪನಾ ಕೇಳಿದಳು.

"ಕೈ ಎತ್ತೋದು ನನ್ನ ಕೆಲ್ಸ. ನಿಲ್ಸೋದು ಬಿಡೋದು ಅವ್ರ ಕೆಲ್ಸ," ಎಂದ ತಾತ. "ಖಾಲಿ ಇದ್ರೆ ನಿಲ್ಸ್ತಾರೆ. ಮೊದ್ಲು ಹಿಂಗಿರಲಿಲ್ಲ ಮಗಾ. ಈ ದಸರಾದಿಂದ ಈಚೆಗೆ ಭಾಳ ಕಷ್ಟ ಆಗೈತೆ ನೋಡು."

ದಸರಾದಿಂದ! ಕಲ್ಪನಾ ತಲೆ ತಗ್ಗಿಸಿದಳು.

"ನನ್ನ ಚಪ್ಪಲಿ ತಗಂಡು ಬರ್ತೀನಿ ಅಜ್ಜಿ," ಎಂದು ಹಂಪಿನ ಕಡೆ ನಡೆದಳು.

ಚಪ್ಪಲಿ ಅಲ್ಲೇ ರಸ್ತೆಯ ಮೇಲೆ ಬಿದ್ದಿತ್ತು. ಕಲ್ಪನಾ ಬಗ್ಗಿ ಎತ್ತಿಕೊಂಡಳು. ಅದು ಹಪ್ಪಳದಂತೆ ಚಪ್ಪಟೆಯಾಗಿತ್ತು. ಅದರ ಮೇಲೆ ಬಸ್ಸಿನ ಟೈರಿನ ಗೆರೆಗಳು ಚೆನ್ನಾಗಿ ಮೂಡಿದ್ದವು. ಅವಳು ಚಪ್ಪಲಿಯನ್ನು ನೋಡಿದಳು, ತನ್ನ ಪಾದವನ್ನು ನೋಡಿದಳು.

"ಕಲ್ಪನಾ, ಬಾರೇ! ಇಲ್ಲೇ ನಿಂತ್ಕ!" ವಿನೋದ್ ಕರೆದ. ಗೊಬ್ಬರದ ಅಂಗಡಿಯ ಮುಂದೆ ಆಗಲೇ ಮುಂದಿನ ಬಸ್ಸಿಗೆ ಜನ ಸೇರುತ್ತಿದ್ದರು. ಅವನ ಅಮ್ಮ ದುರುಗಮ್ಮ ಸೊಟ್ಟ ಮುಖ ಮಾಡಿಕೊಂಡು ನಿಂತಿದ್ದಳು. ಮಗ ಸೀಟು ಹಿಡಿಯಲಿಲ್ಲ ಎಂದು ಅವಳು ಬಸ್ಸನ್ನೇ ಹತ್ತಿರಲಿಲ್ಲ.

"ಇಲ್ಲ, ನಾನು ಶೆಲ್ಟರ್ ಹತ್ರಾನೇ ಹತ್ತಾದು," ಎಂದಳು ಕಲ್ಪನಾ.

"ಶೆಲ್ಟರ್ ಹತ್ರಾನಾ? ಅಲ್ಲಿ ಯಾವ ಬಸ್ ನಿಲ್ಲುತ್ತೇ?"

ಕಲ್ಪನಾ ಚಪ್ಪಟೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಹೋಗಿ ಅಜ್ಜಿಯ ಪಕ್ಕ ನಿಂತಳು.

ವಿನೋದ್ ಯೋಚಿಸಿದ. ಸೀಟು ಹಿಡಿಯೋ ಕಲ್ಪನಾ ಶೆಲ್ಟರಿನಲ್ಲಿ ನಿಂತಿದ್ದಾಳೆ. ಸುಮ್ಮಸುಮ್ಮನೆ ನಿಲ್ಲುವವಳಲ್ಲ ಅವಳು! ಬಸ್ಸಿನಲ್ಲಿ ಹೋಗಿ, ಇಳಿದು, ನಡೆದುಕೊಂಡು ಬಂದಿದ್ದಾಳೆ. ಕಂಡಕ್ಟರ್ ಏನೋ ಹೇಳಿರಬೇಕು. ಅವನು ಅಮ್ಮನ ಕೈ ಹಿಡಿದು, ಯಾರಿಗೂ ಕಾಣದ ಹಾಗೆ ಶೆಲ್ಟರಿನ ಕಡೆ ಹೊರಟ.

ಯಾರಿಗೂ ಕಾಣದ ಹಾಗೆ ಹೋಗಲು ನ್ಯಾಮತಿಯಲ್ಲಿ ಆಗುತ್ತದೆಯೇ?

"ದುರುಗಮ್ಮ, ಎಲ್ಲಿಗ್ರೀ?" ಎಂದು ಒಬ್ಬಳು ಕೇಳಿದಳು.

"ಬಸ್ ಅಲ್ಲಿ ನಿಲ್ಲುತ್ತಂತೆ."

ಆಕೆಯೂ ಬುಟ್ಟಿ ಎತ್ತಿಕೊಂಡಳು. ಬೇಕರಿಯ ಹತ್ತಿರ ಬರುವಾಗ ಅದು, "ಇವತ್ತಿಂದ ಬಸ್ ಅಲ್ಲೇ ಅಂತೆ" ಎಂದಾಗಿತ್ತು. ಸರ್ಕಲ್ ದಾಟುವಾಗ, "ಪೊಲೀಸ್ನೋರು ಹೇಳ್ಯಾರಂತೆ" ಎಂದಾಯಿತು. ಶೆಲ್ಟರ್ ಮುಟ್ಟುವಷ್ಟರಲ್ಲಿ ಕಡ್ಡಿ ಗುಡ್ಡವಾಗಿತ್ತು.

"ಹಂಪ್ ಹತ್ರ ನಿಂತ್ರೆ ಫೈನ್ ಅಂತ್ರೀ! ಬಸ್ಸಿಗಲ್ಲ, ನಿಂತೋರಿಗೆ!"

ಕಲ್ಪನಾ ಕಣ್ಣು ಕಣ್ಣು ಬಿಟ್ಟಳು. "ನಾನು ಹಂಗಂದಿಲ್ಲ ಅಜ್ಜಿ!" ಎಂದು ಪಿಸುಗುಟ್ಟಿದಳು.

"ನೀನು ಅಂದಿಲ್ಲ. ನೀನು ನಿಂತಿ," ಎಂದಳು ಅಜ್ಜಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ.

ಸ್ವಲ್ಪ ಹೊತ್ತಿನಲ್ಲಿ ಶೆಲ್ಟರ್ ತುಂಬಿ ಹೋಯಿತು. ಖಾಲಿ ಶೆಲ್ಟರಿನ ನೆರಳಿನಲ್ಲಿ ಬೈಕು ನಿಲ್ಲಿಸಿದ್ದವರು ಬಂದು, ಗೊಣಗುತ್ತಾ ಬೈಕು ತೆಗೆದರು. ದುರ್ಗಾಂಬಿಕಾ ಅಕ್ಕನಿಗೆ ಯಾರೋ ಬೆಂಚಿನ ಮೇಲೆ ಜಾಗ ಬಿಟ್ಟರು. ಕೂಸು ಸುಮ್ಮನಾಯಿತು.

ದೂರದಲ್ಲಿ ಹಾರ್ನ್ ಕೇಳಿಸಿತು. ಬಸ್ಸು!

ಕಲ್ಪನಾ ಕತ್ತು ಉದ್ದ ಮಾಡಿ ನೋಡಿದಳು. ಬಸ್ಸು ಹಂಪಿನ ಮೇಲೆ ಅಭ್ಯಾಸದಂತೆ ಪೂರ್ತಿ ನಿಂತೇಬಿಟ್ಟಿತು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಅತ್ತ ಇತ್ತ ನೋಡಿದ. ಆಮೇಲೆ ಬಸ್ಸು ಮೆಲ್ಲಗೆ ಹೊರಟಿತು.

ಬೇಕರಿ ದಾಟಿತು. ಸರ್ಕಲ್ಲಿಗೆ ಬಂತು.

ಶೆಲ್ಟರಿನಲ್ಲಿದ್ದವರೆಲ್ಲ ಎದ್ದರು. ವಿನೋದ್ ಕರ್ಚೀಫು ಮಡಚಿ ಸಿದ್ಧನಾದ. ಕಲ್ಪನಾಳ ಕಾಲುಗಳೂ, ಓಡು, ಓಡು ಎಂದವು. ಕಿಟಕಿಗಳು ಅವಳಿಗೆ ಆಗಲೇ ಕಾಣಿಸುತ್ತಿದ್ದವು. ನಾಲ್ಕನೆಯದು ಖಾಲಿ ಇತ್ತು! ಈಗ ಓಡಿದರೆ ಆ ಸೀಟು ಅಜ್ಜಿಗೇ. ಓಡದಿದ್ದರೆ ಯಾರಿಗೋ ಏನೋ. ಅಜ್ಜಿ ಹೊನ್ನಾಳಿ ತನಕ ನಿಂತು ಬರಲು ಸಾಧ್ಯವೇ?

ಆದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ವಿನೋದ್, ದುರುಗಮ್ಮ, ಬುಟ್ಟಿಯವಳು, ಎಲ್ಲರೂ. ಅವಳು ಒಂದು ಹೆಜ್ಜೆ ಇಟ್ಟರೆ ಸಾಕು, ಊರೇ ಓಡುತ್ತದೆ. ಬಸ್ಸು ಸರ್ಕಲ್ಲಿನಲ್ಲೇ ನಿಲ್ಲುತ್ತದೆ. ಅಜ್ಜಿ, ತಾತ, ಕೂಸು ಇಲ್ಲೇ ಉಳಿಯುತ್ತಾರೆ.

ಕಲ್ಪನಾ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಲಿನ ಬೆರಳುಗಳನ್ನು ನೆಲಕ್ಕೆ ಒತ್ತಿ ನಿಂತಳು.

"ಓಡಲ್ವೇನೇ?" ವಿನೋದ್ ಕೇಳಿದ. ಅವನ ದನಿ ಅಳುವಂತಿತ್ತು.

"ನಾನು ಓಡಲ್ಲ."

ಅವನು ಒಂದು ಕಾಲು ರಸ್ತೆಗೆ ಇಟ್ಟ. ಅವಳ ಮುಖ ನೋಡಿದ. ಮತ್ತೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಕರ್ಚೀಫಿನಿಂದ ಸುಮ್ಮನೆ ಮೂಗು ಒರೆಸಿಕೊಂಡ.

ತಾತ ಊರುಗೋಲು ಎತ್ತಿದ. ಅಜ್ಜಿ ಕೈ ಎತ್ತಿದಳು. ಕಲ್ಪನಾಳೂ ಕೈ ಎತ್ತಿದಳು. ನೋಡನೋಡುತ್ತಾ ಎಲ್ಲರ ಕೈಗಳೂ ಮೇಲೆ ಬಂದವು. ಬಸ್ಸು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅಯ್ಯೋ, ಹೋಗೇಬಿಡುತ್ತದಾ? ಕಲ್ಪನಾ ಉಸಿರು ಬಿಗಿ ಹಿಡಿದಳು.

ಬಸ್ಸು ಉಸ್ಸೆಂದು ನಿಂತಿತು. ಬಾಗಿಲು ಅಜ್ಜಿಯ ಮೂಗಿನ ಮುಂದೆಯೇ ಇತ್ತು.

"ಏನ್ರೀ ಇದು! ಊರಾಗೆ ಯಾರೂ ಕಾಣಲಿಲ್ಲ, ಬಂದ್ ಏನಾದ್ರೂ ಐತೇನೋ ಅಂದ್ಕಂಡೆ," ಎಂದ ಈ ಬಸ್ಸಿನ ಕಂಡಕ್ಟರ್ ಜಂಪಣ್ಣ, ಕೆಳಗೆ ಇಳಿದು. ಶೆಲ್ಟರಿನ ಕಡೆ ನೋಡಿ ನಕ್ಕ. "ಇಲ್ಲೇ ಚಲೋ ಐತೆ ಕಣ್ರಪ್ಪಾ. ಹತ್ತ್ರಿ, ಹತ್ತ್ರಿ. ಅಜ್ಜಿ, ನೀವು ಮೊದ್ಲು ಹತ್ತ್ರಿ. ಸೀಟ್ ಅದಾವೆ."

"ಹನ್ನೆರಡರೊಳಗೆ ಹೊನ್ನಾಳಿ ಮುಟ್ಟುತ್ತೇನಪ್ಪಾ?"

"ಮುಟ್ಟುಸ್ತೀನಿ ಬರ್ರಿ."

ಅಜ್ಜಿ ಚೀಲವನ್ನು ಕಲ್ಪನಾಳ ಕೈಗೆ ಕೊಟ್ಟಳು. ಕಂಬಿ ಹಿಡಿದು, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಳು. ಆ ಕಾಲು ನಡುಗಿತು. ಅಜ್ಜಿ ಹಲ್ಲು ಕಚ್ಚಿ ಇನ್ನೊಂದು ಕಾಲನ್ನು ಪಕ್ಕಕ್ಕೆ ಎಳೆದುಕೊಂಡಳು. ಅಲ್ಲೇ ನಿಂತು ಉಸಿರು ತೆಗೆದುಕೊಂಡಳು. ಆಮೇಲೆ ಬಗ್ಗಿ, ಮುಂದಿನ ಮೆಟ್ಟಿಲನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಕಲ್ಪನಾ ನೋಡುತ್ತಲೇ ನಿಂತಳು. ಅಜ್ಜಿಗೆ ಬಸ್ಸು ಹತ್ತುವುದು ಇಷ್ಟು ಕಷ್ಟವಾ? ಎಷ್ಟು ಸಲ ಅಜ್ಜಿಯ ಜೊತೆ ಹೋಗಿದ್ದಾಳೆ! ಆದರೆ ಅಜ್ಜಿ ಹತ್ತುವ ಹೊತ್ತಿಗೆ ಅವಳು ಯಾವಾಗಲೂ ಒಳಗೆ, ಸೀಟಿನ ಮೇಲೆ ಕುಳಿತಿರುತ್ತಿದ್ದಳು. ಅಜ್ಜಿ ಮೆಟ್ಟಿಲು ಹತ್ತುವುದನ್ನು ಅವಳು ಇವತ್ತೇ ನೋಡಿದ್ದು.

ಹಿಂದಿನಿಂದ ವಿನೋದ್ ತಳ್ಳಿದ. "ಹತ್ತೇ ಬೇಗ! ಸೀಟ್ ಹೋಗುತ್ತೆ!"

ಕಲ್ಪನಾ ಬಾಗಿಲಿನ ಎರಡೂ ಬದಿಗೆ ಕೈ ಚಾಚಿ ಅಡ್ಡ ನಿಂತಳು.

"ತಳ್ಳಬ್ಯಾಡ ಇರೋ. ನಮ್ಮಜ್ಜಿ ಹತ್ತುತಾ ಇದಾಳೆ."